ಸರ್ಕಾರದ ಅನುಭೋಗ ವೆಚ್ಚ: ಭಾರತ ಮತ್ತು ಜಪಾನ್‌ಗಳ ತುಲನೆ

ಕಲಿಕೆಯ ಉದ್ದೇಶಗಳು
1. ಸರ್ಕಾರದ ಅನುಭೋಗ ವೆಚ್ಚದ ಅರ್ಥವನ್ನು ಗ್ರಹಿಸುವುದು.
2. ಎರಡು ದೇಶಗಳ ಅಂಕಿಗಳನ್ನು ಕಾಲಾನುಕ್ರಮದಲ್ಲಿ ಹೋಲಿಸುವುದು.
3. ಶೇಕಡಾ ಪ್ರಮಾಣ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವೇಚಿಸುವುದು.

ಪದದ ಪರಿಚಯ
ಮೊದಲ ತೊಡಕು ಪದದಲ್ಲಿಯೇ ಇದೆ. ನಮ್ಮ ಪಠ್ಯಗಳ ‘ಅನುಭೋಗ’ವನ್ನು ಸೊಲ್ಲಾಪುರದ ವಿದ್ಯಾರ್ಥಿ ಮರಾಠಿಯಲ್ಲಿ ‘ಉಪಭೋಗ’ ಎಂದೂ, ಕಾಸರಗೋಡಿನ ವಿದ್ಯಾರ್ಥಿ ಮಲಯಾಳದಲ್ಲಿ ‘ಉಪಭೋಗಂ’ ಎಂದೂ, ಆದವಾನಿಯವನು ತೆಲುಗಿನಲ್ಲಿ ‘ವಿನಿಯೋಗಂ’ ಎಂದೂ, ತಾಳವಾಡಿಯವನು ತಮಿಳಿನಲ್ಲಿ ‘ನುಗರ್ವು’ ಎಂದೂ ಕೇಳುತ್ತಾನೆ. ನಾಲ್ಕನ್ನೂ ಕರಿಹಲಗೆಯ ಮೇಲೆ ಬರೆದು, ‘ಬಳಕೆ’ ಎಂಬ ಸರಳ ಅರ್ಥವನ್ನು ಮುಂದಿಡಬೇಕು. ‘ಭೋಗ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮಕ್ಕಳು ಅದನ್ನು ದುಂದುವೆಚ್ಚವೆಂದು ತಿಳಿಯುವುದುಂಟು. ಈ ತಪ್ಪುಗ್ರಹಿಕೆಯನ್ನು ನಿವಾರಿಸುವುದೇ ಈ ಪಾಠದ ತಿರುಳು.

ಪರಿಕಲ್ಪನೆ
ಜನತೆಗೆ ಒದಗಿಸುವ ಸೇವೆಗಳಿಗಾಗಿ ಸರ್ಕಾರವು ಮಾಡುವ ಚಾಲ್ತಿ ವೆಚ್ಚವೇ ಅನುಭೋಗ ವೆಚ್ಚ. ಶಿಕ್ಷಕರ ವೇತನ, ಆಸ್ಪತ್ರೆಯ ಔಷಧ, ಉಚಿತ ಪಠ್ಯಪುಸ್ತಕ, ಶಾಲೆಯ ಮಧ್ಯಾಹ್ನದ ಊಟ ಇದರೊಳಗೆ ಸೇರುತ್ತವೆ. ಹೊಸ ಶಾಲಾ ಕಟ್ಟಡ ಬಂಡವಾಳ ಹೂಡಿಕೆಯಾಗುತ್ತದೆ. ನಗದು ವಿದ್ಯಾರ್ಥಿವೇತನ ಮತ್ತು ವೃದ್ಧಾಪ್ಯ ವೇತನಗಳು ವರ್ಗಾವಣೆ ಪಾವತಿಗಳು. ಸಾಲದ ಬಡ್ಡಿಯೂ ಅನುಭೋಗವಲ್ಲ. ಆದ್ದರಿಂದ ಬಜೆಟ್ಟಿನ ಒಟ್ಟು ಗಾತ್ರವೂ ಅನುಭೋಗ ವೆಚ್ಚವೂ ಒಂದೇ ಅಲ್ಲ. ಅಲ್ಲದೆ ಇಲ್ಲಿ ‘ಸರ್ಕಾರ’ ಎಂದರೆ ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆಗಳೆಲ್ಲವೂ ಸೇರಿದುದು. ಕೇವಲ ಕೇಂದ್ರ ಬಜೆಟ್ಟನ್ನು ನೋಡಿದರೆ, ರಾಜ್ಯಗಳು ಭರಿಸುವ ಶಿಕ್ಷಣ ಮತ್ತು ಆರೋಗ್ಯದ ವೆಚ್ಚದ ಬಹುಪಾಲು ಕಣ್ಮರೆಯಾಗುತ್ತದೆ.

ತುಲನೆ
ಒಟ್ಟು ದೇಶೀಯ ಉತ್ಪನ್ನದಲ್ಲಿ ಸರ್ಕಾರದ ಅನುಭೋಗ ವೆಚ್ಚದ ಪಾಲು ಸ್ಥೂಲವಾಗಿ ಹೀಗಿದೆ:

1990: ಜಪಾನ್ ಶೇ. 13, ಭಾರತ ಶೇ. 11ರಿಂದ 12
2000: ಜಪಾನ್ ಶೇ. 16ರಿಂದ 17, ಭಾರತ ಶೇ. 12
2010: ಜಪಾನ್ ಶೇ. 19ರಿಂದ 20, ಭಾರತ ಶೇ. 11
2020: ಜಪಾನ್ ಶೇ. 21, ಭಾರತ ಶೇ. 11

1990ರಲ್ಲಿ ಎರಡೂ ದೇಶಗಳು ಹೆಚ್ಚುಕಡಿಮೆ ಅಕ್ಕಪಕ್ಕದಲ್ಲಿದ್ದವು. ಬಳಿಕ ಜಪಾನಿನ ಪಾಲು ಏರಿತು, ಭಾರತದ್ದು ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿತು. ‘ಜಪಾನ್ ದುಂದುಗಾರ, ಭಾರತ ಮಿತವ್ಯಯಿ’ ಎಂಬ ಉತ್ತರ ತರಗತಿಯಲ್ಲಿ ಸಹಜವಾಗಿ ಬರುತ್ತದೆ. ಅದನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕು.

ಮೊದಲನೆಯದು: ಹಣ ಯಾರಿಗಾಗಿ ವ್ಯಯವಾಯಿತು? 1990ರಲ್ಲಿ ಜಪಾನಿನ ಜನಸಂಖ್ಯೆಯಲ್ಲಿ 65 ವರ್ಷ ದಾಟಿದವರು ಸುಮಾರು ಶೇ. 12, 2020ರಲ್ಲಿ ಶೇ. 28ಕ್ಕೂ ಹೆಚ್ಚು. 1961ರಲ್ಲಿಯೇ ಸಾರ್ವತ್ರಿಕ ಆರೋಗ್ಯ ವಿಮೆಯನ್ನು ಸಾಧಿಸಿದ್ದ ಆ ದೇಶ, 2000ದ ಏಪ್ರಿಲ್‌ನಲ್ಲಿ ವೃದ್ಧರ ದೀರ್ಘಕಾಲೀನ ಆರೈಕೆಗೂ ವಿಮೆಯನ್ನು ಜಾರಿಗೆ ತಂದಿತು. ಈ ಚಿಕಿತ್ಸೆ ಮತ್ತು ಆರೈಕೆಗಳಿಗೆ ವಿಮೆ ಭರಿಸುವ ಹಣ ಸರ್ಕಾರದ ಅನುಭೋಗದ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು: ಛೇದ ಏನಾಯಿತು? 1990ರ ಉತ್ಪನ್ನವನ್ನು 100 ಎಂದು ಹಿಡಿದರೆ, 2020ರಲ್ಲಿ ಜಪಾನಿನದು ಚಾಲ್ತಿ ಬೆಲೆಗಳಲ್ಲಿ 120ನ್ನೂ ಮುಟ್ಟಿರಲಿಲ್ಲ. ಅಲ್ಲಿ ಬೆಲೆಗಳು ಹೆಚ್ಚೇನೂ ಏರದಿದ್ದುದರಿಂದ ಈ ಅಂಕಿಯನ್ನೇ ಬಳಸಬಹುದು. ಭಾರತದಲ್ಲಿ ಬೆಲೆಗಳು ಹಲವು ಪಟ್ಟು ಏರಿದ ಕಾರಣ ಸ್ಥಿರ ಬೆಲೆಗಳ ಅಂಕಿಯೇ ಬೇಕು. ಅದರಂತೆ 100 ಇದ್ದದ್ದು ಸುಮಾರು 500 ಆಯಿತು. ಈಗ ಮಕ್ಕಳಿಂದಲೇ ಲೆಕ್ಕ ಮಾಡಿಸಬೇಕು. ಜಪಾನಿನ 13, ಸುಮಾರು 25 ಆಯಿತು. ಎಂದರೆ ಎರಡು ಪಟ್ಟಿನ ಸಮೀಪ. ಭಾರತದ 11, ಸುಮಾರು 55 ಆಯಿತು. ಎಂದರೆ ಐದು ಪಟ್ಟು. ಪಾಲು ಕದಲದ ದೇಶದಲ್ಲಿಯೇ ವೆಚ್ಚ ಹೆಚ್ಚು ವೇಗವಾಗಿ ಬೆಳೆಯಿತು! ಅದೇ ಅವಧಿಯಲ್ಲಿ ಭಾರತದ ಜನಸಂಖ್ಯೆ ಸುಮಾರು 87 ಕೋಟಿಯಿಂದ 139 ಕೋಟಿಗೆ ಏರಿದುದರಿಂದ ತಲಾ ವೆಚ್ಚ ಮೂರು ಪಟ್ಟಿನಷ್ಟಾಯಿತು.

ಶಿಕ್ಷಕರಿಗೆ ಸೂಚನೆ
2020 ಸಾಂಕ್ರಾಮಿಕದ ವರ್ಷ. ಎರಡೂ ದೇಶಗಳಲ್ಲಿ ಉತ್ಪನ್ನ ಕುಗ್ಗಿತ್ತು. ಛೇದ ಕುಗ್ಗಿದರೆ ಪಾಲು ತಾನಾಗಿ ಹಿಗ್ಗುತ್ತದೆ. ಆದುದರಿಂದ ಒಂದೇ ವರ್ಷದ ಅಂಕಿಯನ್ನು ನೆಚ್ಚದೆ ದೀರ್ಘಾವಧಿಯ ಪ್ರವೃತ್ತಿಯನ್ನು ಗಮನಿಸಬೇಕು.

ಇನ್ನೊಂದು ಮಿತಿಯೂ ಉಂಟು. ಸರ್ಕಾರಿ ಸೇವೆಗಳು ಮಾರುಕಟ್ಟೆಯಲ್ಲಿ ಮಾರಾಟವಾಗುವುದಿಲ್ಲವಾದ್ದರಿಂದ ಅವುಗಳ ಮೌಲ್ಯವನ್ನು ಸಾಮಾನ್ಯವಾಗಿ ತಗಲಿದ ವೆಚ್ಚದಿಂದಲೇ ಅಳೆಯಲಾಗುತ್ತದೆ. ವೇತನ ಪರಿಷ್ಕರಣೆಯಾದರೆ ಅಂಕಿ ಏರುತ್ತದೆ. ಆದರೆ ಒಬ್ಬ ಶಿಕ್ಷಕನೂ ಹೊಸದಾಗಿ ಬಂದಿರುವುದಿಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿಯಿದ್ದರೆ, ರಾಷ್ಟ್ರದ ಸರಾಸರಿ ಅದನ್ನು ತೋರಿಸುವುದಿಲ್ಲ. ಒಟ್ಟು ಅಂಕಿಯನ್ನು ಓದಬಲ್ಲ ವಿದ್ಯಾರ್ಥಿ ‘ಅದರಲ್ಲಿ ನಮ್ಮ ಪಾಲು ಎಷ್ಟು?’ ಎಂದು ಆಧಾರಸಹಿತ ಕೇಳಬಲ್ಲವನಾಗುತ್ತಾನೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಈ ಸಾಮರ್ಥ್ಯ ಅತ್ಯಗತ್ಯ.

ಚಟುವಟಿಕೆ
ಶಾಲೆಗೆ ಸರ್ಕಾರದಿಂದ ದೊರೆಯುವ ಎಲ್ಲವನ್ನೂ ಪಟ್ಟಿಮಾಡಿಸಿ, ಅನುಭೋಗ, ಹೂಡಿಕೆ, ವರ್ಗಾವಣೆ ಎಂದು ಮೂರು ಗುಂಪುಗಳಾಗಿ ವಿಂಗಡಿಸಿರಿ.

ಮೌಲ್ಯಮಾಪನ
1. ನಗದು ವಿದ್ಯಾರ್ಥಿವೇತನ ಅನುಭೋಗ ವೆಚ್ಚವಲ್ಲ, ಉಚಿತ ಪಠ್ಯಪುಸ್ತಕ ಹೌದು. ಏಕೆ?
2. ಪಾಲು ಸ್ಥಿರವಾಗಿದ್ದರೂ ವೆಚ್ಚ ಐದು ಪಟ್ಟಾಗುವುದು ಹೇಗೆ?
3. ಜಪಾನಿನ ಪಾಲು ಏರಲು ಎರಡು ಕಾರಣಗಳನ್ನು ವಿವರಿಸಿ.