ಬೀಪ್ ಆದ್ಮೇಲೆ ಮಾತಾಡಿ: ಆನ್ಸರಿಂಗ್ ಮೆಷಿನ್ ಕಥೆ

ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ನೋಡಿರ್ತೀರಿ. ಫೋನ್ ರಿಂಗ್ ಆಗುತ್ತೆ, ಮನೇಲಿ ಯಾರೂ ಇರಲ್ಲ, ಪಕ್ಕದಲ್ಲಿರೋ ಡಬ್ಬಿ ತಾನೇ ಉತ್ತರ ಕೊಟ್ಟು, ಬೀಪ್ ಅಂದು, ಮೆಸೇಜ್ ರೆಕಾರ್ಡ್ ಮಾಡ್ಕೊಳ್ಳುತ್ತೆ. ಇದು 1980ರ ಸುಮಾರಿಗೆ ಹುಟ್ಟಿದ್ದು ಅಂತ ನಾನು ಅಂದ್ಕೊಂಡಿದ್ದೆ. ಆದರೆ ಇದರ ಮೂಲ 1898ರಲ್ಲಿದೆ.

ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದರು. ಫೋನಿನಲ್ಲಿ ಬಂದ ಮಾತನ್ನು ಉಳಿಸಿಡೋಕೆ ಅವರು 'ಟೆಲಿಗ್ರಾಫೋನ್' ಮಾಡಿದರು. ತತ್ವ ನಮಗೆಲ್ಲ ಗೊತ್ತಿರೋದೇ. ದನಿಗೆ ತಕ್ಕಂತೆ ಕರೆಂಟ್ ಏರಿಳಿಯುತ್ತೆ. ಅದು ಎಲೆಕ್ಟ್ರೋಮ್ಯಾಗ್ನೆಟ್ ಮೂಲಕ ಹರಿದಾಗ, ಎದುರಿಗೆ ಓಡುವ ಉಕ್ಕಿನ ತಂತಿ ಒಂದೊಂದು ಕಡೆ ಒಂದೊಂದು ಪ್ರಮಾಣದಲ್ಲಿ ಕಾಂತವಾಗುತ್ತೆ. ಅದೇ ತಂತಿಯನ್ನು ಮತ್ತೆ ಓಡಿಸಿದರೆ, ಫ್ಯಾರಡೇ ನಿಯಮದಂತೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟಿ ಮಾತು ಕೇಳಿಸುತ್ತೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಇದರಲ್ಲಿ ಮಾತಾಡಿದ್ದು ಇವತ್ತಿಗೂ ಉಳಿದಿದೆ. ಒಂದೇ ತೊಂದರೆ: ಆಗ ಆಂಪ್ಲಿಫೈಯರ್ ಇರಲಿಲ್ಲ, ದನಿ ತುಂಬಾ ಸಣ್ಣದಾಗಿ ಕೇಳ್ತಿತ್ತು.

1930ರ ದಶಕದ ಹೊತ್ತಿಗೆ ಆ ತೊಂದರೆಯೂ ಇರಲಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಕೆಲಸ ಮಾಡುವ ಆನ್ಸರಿಂಗ್ ಮೆಷಿನ್ ಕಟ್ಟಿದ್ದರು. ಆದರೆ ಲ್ಯಾಬಿನ ಒಡೆಯ ಎಟಿ ಅಂಡ್ ಟಿ ಅದನ್ನು ಹೊರಗೆ ಬಿಡಲಿಲ್ಲ. ಮಾತು ರೆಕಾರ್ಡ್ ಆಗುತ್ತೆ ಅಂತ ಗೊತ್ತಾದರೆ ವ್ಯಾಪಾರಿಗಳು, ಗುಟ್ಟು ಮಾತಾಡೋರು ಫೋನನ್ನೇ ಬಿಟ್ಟಾರು ಅನ್ನೋ ಭಯ! ಇತಿಹಾಸಕಾರ ಮಾರ್ಕ್ ಕ್ಲಾರ್ಕ್ ಹಳೇ ಕಡತಗಳನ್ನು ಹುಡುಕಿ ಇದನ್ನು ಬರೆದದ್ದು ಎಷ್ಟೋ ದಶಕಗಳ ನಂತರ.

ಇನ್ನೊಂದು ಅಡ್ಡಿ ಲೈನಿನದ್ದು. ಬೇರೆಯವರ ಉಪಕರಣವನ್ನು ತನ್ನ ಲೈನಿಗೆ ಜೋಡಿಸೋಕೆ ಕಂಪನಿ ಬಿಡ್ತಿರಲಿಲ್ಲ. 1949ರ 'ಎಲೆಕ್ಟ್ರಾನಿಕ್ ಸೆಕ್ರೆಟರಿ' ಅನ್ನೋ ಮೆಷಿನ್ ಲೈನ್ ಮುಟ್ಟದೆ, ರಿಸೀವರನ್ನೇ ಮೇಲೆತ್ತಿ ಉತ್ತರ ಕೊಡ್ತಿತ್ತು! 1968ರಲ್ಲಿ ಎಫ್‌ಸಿಸಿ 'ಕಾರ್ಟರ್‌ಫೋನ್' ಪ್ರಕರಣದಲ್ಲಿ ಈ ಕಟ್ಟುಪಾಡು ತಪ್ಪು ಅಂತ ತೀರ್ಪು ಕೊಟ್ಟ ಮೇಲೆ ದಾರಿ ತೆರೀತು. ಆಮೇಲೆ ಕ್ಯಾಸೆಟ್ ಹಾಕೋ ಮೆಷಿನ್‌ಗಳು ಮನೆಮನೆಗೆ ಬಂದವು.

ನಾವು ಪ್ರಾಜೆಕ್ಟ್ ಮಾಡುವಾಗ 'ಔಟ್‌ಪುಟ್ ಬಂತಾ?' ಅಂತಷ್ಟೇ ಕೇಳ್ತೀವಿ. ಹಿಕ್‌ಮನ್‌ಗೆ ಔಟ್‌ಪುಟ್ ಬಂದಿತ್ತು. ಅದು ಜನರಿಗೆ ಮುಟ್ಟಬೇಕಾ ಬೇಡವಾ ಅಂತ ತೀರ್ಮಾನ ಮಾಡಿದವರು ಬೇರೆ. ಅವರು ಯಾರು ಅನ್ನೋದನ್ನೂ ಎಂಜಿನಿಯರ್ ಕೇಳಬೇಕು.