ಬಿಸಿಲು ಒಂದೇ, ಕೊಟ್ಟಿಗೆ ಬೇರೆ ಬೇರೆ



ಬೇಸಿಗೆ ಬಂತೆಂದರೆ ಸಂಘದಲ್ಲಿ ಎರಡು ಮಾತು ಕೇಳಿಬರುತ್ತವೆ: 'ಹಾಲು ಇಳಿದಿದೆ', 'ಹಸು ಗಬ್ಬ ನಿಲ್ಲುತ್ತಿಲ್ಲ'. ಹಿಂಡಿಯನ್ನೋ ಇಂಜೆಕ್ಷನ್ನನ್ನೋ ದೂರುವ ಮೊದಲು ಕೊಟ್ಟಿಗೆಯ ಬಿಸಿಯನ್ನು ನೋಡಿ. ಹವಾಮಾನ ಬದಲಾದಂತೆ ಸುಡುಬಿಸಿಲಿನ ದಿನಗಳು ಹೆಚ್ಚುತ್ತಿವೆ, ರಾತ್ರಿಯ ತಂಪು ಕಡಿಮೆಯಾಗುತ್ತಿದೆ. ಆದರೆ ಈ ಬಿಸಿ ಎಲ್ಲ ಊರುಗಳನ್ನೂ ಒಂದೇ ರೀತಿ ಕಾಡುವುದಿಲ್ಲ. ಒಂದೂರಿನ ಉಪಾಯ ಇನ್ನೊಂದೂರಿನಲ್ಲಿ ತೊಂದರೆ ತರಬಹುದು.

ಹಸುವಿಗೇಕೆ ಇಷ್ಟು ಸೆಕೆ?

ಮೇವು ಕರಗುವಾಗ ಹಸುವಿನ ಹೊಟ್ಟೆಯಲ್ಲೇ ಶಾಖ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಅದಕ್ಕೆ ಸೆಕೆಯೂ ಹೆಚ್ಚು. ಎಚ್.ಎಫ್. ಮಿಶ್ರತಳಿಗೆ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ ಶುರು. ಹಳ್ಳಿಕಾರ್, ಮಲೆನಾಡು ಗಿಡ್ಡ ತಳಿಗಳು ಇದಕ್ಕಿಂತ ಹೆಚ್ಚು ಬಿಸಿ ತಾಳುತ್ತವೆ. ಸೆಕೆಯಲ್ಲಿ ಬೆದೆಯ ಲಕ್ಷಣ ಮಂಕಾಗಿ, ಹೆಚ್ಚಾಗಿ ರಾತ್ರಿ ಹೊತ್ತು ಕಾಣಿಸಿಕೊಳ್ಳುತ್ತದೆ. ಒಂದು ಬೆದೆ ತಪ್ಪಿದರೆ ಸುಮಾರು 21 ದಿನ ನಷ್ಟ.

ಬಯಲುಸೀಮೆಯ ಹಳ್ಳಿ

ಚಳ್ಳಕೆರೆ, ಹಿರಿಯೂರಿನಂಥ ಕಡೆ ಒಣಬಿಸಿಲು. ಗಾಳಿಯಲ್ಲಿ ತೇವವಿಲ್ಲದ್ದರಿಂದ ಮೈಮೇಲಿನ ನೀರು ಬೇಗ ಆರಿ ಹಸು ತಣ್ಣಗಾಗುತ್ತದೆ. ಒಂದೆರಡು ನಿಮಿಷ ಮೈ ನೆನೆಸಿ, ಹತ್ತು ಹದಿನೈದು ನಿಮಿಷ ಫ್ಯಾನ್ ಹಾಕಿ. ನೀರು ಕೆಚ್ಚಲಿಗೆ ಇಳಿದು ನಿಲ್ಲದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಇಲ್ಲಿ ದೊಡ್ಡ ಚಿಂತೆ ಮೇವಿನದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಬಂದ ವರ್ಷವೇ ಮೆಕ್ಕೆಜೋಳದ ರಸಮೇವು ಮಾಡಿಟ್ಟುಕೊಳ್ಳಿ.

ಮಲೆನಾಡಿನ ಮನೆ

ತೀರ್ಥಹಳ್ಳಿ, ಹೊಸನಗರದ ಕಡೆ ಉಷ್ಣಾಂಶ ಕಡಿಮೆ ಇದ್ದರೂ ಗಾಳಿಯಲ್ಲಿ ತೇವ ಹೆಚ್ಚು. ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಸಿಂಪಡಿಸಿದರೆ ಅದು ಆರುವುದಿಲ್ಲ, ಉಬ್ಬೆಯಷ್ಟೇ ಹೆಚ್ಚುತ್ತದೆ. ಇಲ್ಲಿ ಗಾಳಿಯೇ ಔಷಧ. ಮಳೆಗೆ ಕಟ್ಟಿದ ಟಾರ್ಪಾಲನ್ನು ಹೊಳವಾದೊಡನೆ ಬಿಚ್ಚಿ. ಬಿಸಿಯೂ ತೇವವೂ ಸೇರಿದರೆ ಉಣ್ಣೆ ಹೆಚ್ಚುತ್ತದೆ, ಅದರಿಂದ ಥೈಲೇರಿಯಾ ಜ್ವರ ಬರುತ್ತದೆ. ಮಿಶ್ರತಳಿ ಹಸುವಿಗೆ ಜ್ವರ ಬಂದು ಗಂಟಲ ಕೆಳಗೋ ಭುಜದ ಮುಂದೋ ಗಡ್ಡೆ ಊದಿದ್ದರೆ ಒಂದು ದಿನವೂ ಕಾಯಬೇಡಿ, ವೈದ್ಯರನ್ನು ಕರೆಯಿರಿ.

ಪಟ್ಟಣದ ಅಂಚು

ದಾವಣಗೆರೆಯಂಥ ನಗರದ ಬಡಾವಣೆಗಳಲ್ಲಿ ಹಸು ಸಾಕುವವರಿಗೆ ರಾತ್ರಿಯೇ ಶತ್ರು. ಕಾಂಕ್ರೀಟು, ಟಾರು ರಸ್ತೆ, ಗೋಡೆಗಳು ಹಗಲಿಡೀ ಹೀರಿದ ಶಾಖವನ್ನು ರಾತ್ರಿ ಬಿಡುತ್ತವೆ. ಹಗಲಿನ ಬಿಸಿಯನ್ನು ರಾತ್ರಿ ಕಳೆದುಕೊಳ್ಳಬೇಕಾದ ಹಸುವಿಗೆ ಬಿಡುವೇ ಸಿಗುವುದಿಲ್ಲ. ತಗಡಿನ ಶೀಟಿಗೆ ಸುಣ್ಣ ಬಳಿಯಿರಿ, ಮೇಲೆ ತೆಂಗಿನ ಗರಿ ಹಾಸಿ. ಮಹಡಿ ಮೇಲಿನ ಟ್ಯಾಂಕಿನ ಬಿಸಿ ನೀರನ್ನು ನೇರವಾಗಿ ಕುಡಿಯಲು ಬಿಡಬೇಡಿ, ತೊಟ್ಟಿಯನ್ನು ನೆರಳಿಗೆ ಸರಿಸಿ. ರಾತ್ರಿಯೂ ಫ್ಯಾನ್ ಓಡಲಿ.

ಎಲ್ಲ ಊರಿಗೂ ಸಲ್ಲುವ ಪರೀಕ್ಷೆ

ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಹತ್ತಕ್ಕೆ, ಹಸುವಿನ ಪಕ್ಕೆ ಒಂದು ನಿಮಿಷದಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಣಿಸಿ. 60 ದಾಟಿದರೆ ಹಸು ಸೆಕೆಯಿಂದ ಬಳಲುತ್ತಿದೆ ಎಂದು ಅರ್ಥ. ರಾತ್ರಿಯೂ ಇಳಿಯದಿದ್ದರೆ ಕೊಟ್ಟಿಗೆಯೇ ಬಿಸಿ ಹಿಡಿದಿಟ್ಟುಕೊಂಡಿದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ಜೊಲ್ಲು ಸುರಿಸಿ ತೂರಾಡಿದರೆ ತಕ್ಷಣ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ವೈದ್ಯರಿಗೆ ಫೋನ್ ಮಾಡಿ.

ನೀರು ದಿನವಿಡೀ ಮುಂದಿರಲಿ, ಹಾಲು ಕರೆಯುವ ಹಸುವಿಗೆ ಬೇಸಿಗೆಯಲ್ಲಿ ನೂರು ಲೀಟರ್ ಬೇಕಾಗಬಹುದು. ಮೇವಿನ ಹೆಚ್ಚಿನ ಪಾಲನ್ನು ಬೆಳಗಿನ ಜಾವ ಮತ್ತು ಸಂಜೆ ಕೊಡಿ. ಬೆದೆ ನೋಡಲು ರಾತ್ರಿ ಮಲಗುವ ಮುನ್ನ ಒಮ್ಮೆ ಕೊಟ್ಟಿಗೆಗೆ ಹೋಗಿ ಬನ್ನಿ. ಉಸಿರು ಎಣಿಸುವುದೂ ಆಗಲೇ ಆಗಿಬಿಡುತ್ತದೆ.