ನಡುವಿನ ವ್ಯಾಗನ್

ಲಕ್ಷ್ಮೇಶ್ವರಕ್ಕೆ ರೈಲು ಇನ್ನೂ ಬಂದಿಲ್ಲ. ನಮ್ಮ ಮಾಳಿಗೆ ಮೇಲೆ ಮಾತ್ರ ಬಂದಿದೆ. ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಹಾಯ್ದು ಯಲವಿಗಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಬೆಟಗೇರಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಪ್ಲೈವುಡ್ ಹಲಗೆ ಜೋಡಿಸಿ ಆ ಮಾರ್ಗವನ್ನು ನಾನೇ ಮುಗಿಸಿದೆ. ಮುಂಡರಗಿಗೂ ಒಂದು ಕವಲು ಕೊಟ್ಟೆ. ಅಷ್ಟು ಧಾರಾಳದ ರೈಲ್ವೆ ಬಜೆಟ್ಟನ್ನು ದಿಲ್ಲಿಯಲ್ಲಿ ಯಾರೂ ಮಂಡಿಸಿಲ್ಲ.

ಹಳಿ ಕೂಡಿಸುವುದು ದೊಡ್ಡ ಕೆಲಸವಲ್ಲ. ತೊಡಕಿದ್ದದ್ದು ಎಂಜಿನ್ನಿಗೂ ಗೂಡ್ಸ್ ವ್ಯಾಗನ್ನಿಗೂ ನಡುವಿನ ಎರಡು ಬೆರಳಿನಷ್ಟು ಜಾಗದಲ್ಲಿ. ನಮ್ಮಂಥ ಊರಲ್ಲಿ ಈ ಹವ್ಯಾಸಕ್ಕೆ ಅಂಗಡಿಯಿಲ್ಲ, ಸಾಮಾನು ಬರುವುದು ಬಂಧುಬಳಗದ ಸೂಟ್‌ಕೇಸಿನಲ್ಲಿ. ತಂಗಿಯ ಮಗ ಅಮೆರಿಕದಿಂದ ಬಾಕ್‌ಮನ್ ಡೀಸೆಲ್ ಎಂಜಿನ್ ತಂದುಕೊಟ್ಟ. ಇಂಗ್ಲೆಂಡಿನಲ್ಲಿದ್ದು ಬಂದ ಗೆಳೆಯ ಹಾರ್ನ್‌ಬಿ ವ್ಯಾಗನ್‌ಗಳ ಒಂದು ಪೆಟ್ಟಿಗೆಯನ್ನೇ ಕೊಟ್ಟ. ಅಮೆರಿಕದ ಎಚ್‌ಓ ಮಾದರಿ ಅಸಲಿಯ 87ರಲ್ಲಿ ಒಂದು ಪಾಲು, ಬ್ರಿಟನ್ನಿನ ಓಓ ಮಾದರಿ 76ರಲ್ಲಿ ಒಂದು ಪಾಲು. ಬ್ರಿಟಿಷ್ ಎಂಜಿನ್‌ಗಳ ಮೈ ಸಣ್ಣದು. ಅದನ್ನು 87ಕ್ಕೆ ಕುಗ್ಗಿಸಿದರೆ ಆ ಕಾಲದ ಮೋಟರು ಒಳಗೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಮೈಯನ್ನಷ್ಟೇ ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಬಿಟ್ಟರು. ಎರಡಕ್ಕೂ ಹಳಿಯ ಅಂತರ 16.5 ಮಿ.ಮೀ. ಒಂದೇ ಹಳಿಯ ಮೇಲೆ ಓಡುತ್ತವೆ ಅಂದಮೇಲೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಕೂಡುವುದಿಲ್ಲ. ಅಮೆರಿಕದ ಎಂಜಿನ್ನಿಗೆ ಬೆರಳು ಮಡಚಿದ ಮುಷ್ಟಿಯ ಆಕಾರದ ಕೊಂಡಿ, ಅಂದರೆ ಕಪ್ಲರ್. ಕೇಡೀ ಕಂಪನಿಯವರು ಹೆಸರುವಾಸಿ ಮಾಡಿದ ನಮೂನೆ ಅದು. ಹಳಿಯ ನಡುವೆ ಅಯಸ್ಕಾಂತ ಇಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾರ್ನ್‌ಬಿ ವ್ಯಾಗನ್ನಿಗೆ ಅಗಲವಾದ ಅಡ್ಡಪಟ್ಟಿ, ಅದರ ಮೇಲೆ ಏರಿ ಬೀಳುವ ಕೊಕ್ಕೆ. ಒಂದು ಪಕ್ಕದಿಂದ ಹಿಡಿಯುತ್ತದೆ, ಇನ್ನೊಂದು ಮೇಲಿನಿಂದ. ಎದುರುಬದುರು ತಂದರೆ ಟಕ್ ಎಂದು ಮುಟ್ಟಿ ಸುಮ್ಮನಾಗುತ್ತವೆ.

ಈ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವನು ಮುಂಡರಗಿಯ ಟ್ರ್ಯಾಕ್ಟರ್ ಗ್ಯಾರೇಜಿನ ಒಬ್ಬ ಫಿಟರ್. ಯಾವುದೋ ಕೆಲಸಕ್ಕೆ ಹೋದವನು, ಅವನು ಬೇರೆ ಕಂಪನಿಯ ಟ್ರ್ಯಾಕ್ಟರಿಗೆ ಹಳೇ ಟ್ರೇಲರ್ ಜೋಡಿಸುವುದನ್ನು ನೋಡುತ್ತ ನಿಂತಿದ್ದೆ. ಹುಕ್ಕನ್ನು ಅವನು ಮುಟ್ಟಲೇ ಇಲ್ಲ. ಸಪಾಟು ನೆಲದಲ್ಲಿ ಎರಡನ್ನೂ ನಿಲ್ಲಿಸಿ ಟೇಪು ಹಿಡಿದು ನೆಲದಿಂದ ಅಳೆದ. ಯಾಕಪ್ಪಾ ಅಂದರೆ, “ಎತ್ತರಾನ ಕೂಡಲಿಲ್ಲಂದ್ರ ಪಿನ್ ಏನ್ ಮಾಡೀತ್ರಿ ಸರ? ತೆಗ್ಗು ಬಂದಲ್ಲಿ ಹಾರಿ ಬೀಳ್ತೈತಿ” ಅಂದ.

ಮಾಳಿಗೆಗೆ ಬಂದು ನಾನೂ ಅಳೆದೆ. ಕೇಡೀ ಕಪ್ಲರಿನ ನಡುಮಧ್ಯ ಹಳಿಯ ಮೇಲ್ಮೈಯಿಂದ ಸುಮಾರು 10 ಮಿ.ಮೀ. ಎತ್ತರದಲ್ಲಿರಬೇಕೆಂಬುದು ಅಮೆರಿಕದ ಮಾಡೆಲ್ ರೈಲಿನವರ ನಿಯಮ. ಅಸಲಿ ರೈಲಿಗೂ ಇಂಥದೇ ನಿಯಮವಿದೆ. ನಮ್ಮ ಬ್ರಾಡ್‌ಗೇಜಿನಲ್ಲಿ ಬಫರಿನ ಎತ್ತರ ಖಾಲಿ ಗಾಡಿಗೆ 1105 ಮಿ.ಮೀ. ಮೀರಬಾರದು, ತುಂಬಿದ ಗಾಡಿಯ ಸ್ಪ್ರಿಂಗು ಎಷ್ಟೇ ಕುಗ್ಗಿದರೂ 1030ಕ್ಕಿಂತ ಕೆಳಗಿಳಿಯಬಾರದು. ಸಡಿಲಿಕೆ 75 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ನಮ್ಮ ಪಾಲಿಗೆ ಉಳಿಯುವುದು ಒಂದು ಮಿಲಿಮೀಟರಿಗೂ ಕಡಿಮೆ. ಒಂದೇ ನಮೂನೆಯ ಕಪ್ಲರ್ ಇದ್ದು ಕಣ್ಣಿಗೆ ಸರಿ ಕಂಡ ಜೋಡಿಯೂ ತಿರುವಿನಲ್ಲಿ ಯಾಕೆ ಕಳಚುತ್ತಿತ್ತು ಎಂಬುದು ಆ ಲೆಕ್ಕದಿಂದ ಹೊಳೆಯಿತು.

ಒಂದು ಮಿಲಿಮೀಟರಿಗಿಂತ ತೆಳುವಾದ, ಒಂದೇ ಸಮ ದಪ್ಪವಿರುವ ಪಟ್ಟಿ ಎಲ್ಲಿ ಸಿಗಬೇಕು? ಮುದ್ರಣ ಕಾಶಿ ಎನ್ನಿಸಿಕೊಂಡ ಗದಗಿನಲ್ಲಿ ಕೇಳುವ ಪ್ರಶ್ನೆಯೇ ಅಲ್ಲ ಅದು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಸಾಲಿಗೂ ಸಾಲಿಗೂ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು, ಲೆಡ್ ಅಂತ. ಆಫ್‌ಸೆಟ್ ಬಂದಮೇಲೆ ಅವು ಮೂಲೆ ಸೇರಿದವು. ಹಳೆಯ ಪ್ರೆಸ್ಸಿನ ಯಜಮಾನರೊಬ್ಬರು ಧೂಳು ಕೊಡವಿ ಒಂದು ಮುಷ್ಟಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಒಂದು ಪಾಯಿಂಟ್ ಅಂದರೆ 0.35 ಮಿ.ಮೀ., ಎರಡು ಪಾಯಿಂಟಿನ ಲೆಡ್ 0.7 ಮಿ.ಮೀ. ಕಪ್ಲರ್ ತಗ್ಗಿದ್ದರೆ ಬೋಗಿಗೂ (ಚಕ್ರಗಳನ್ನು ಹೊತ್ತ ಚೌಕಟ್ಟಿಗೂ) ವ್ಯಾಗನ್ನಿನ ತಳಕ್ಕೂ ನಡುವೆ ಒಂದು ತುಂಡು ಇಟ್ಟರೆ ಇಡೀ ವ್ಯಾಗನ್ ಏಳುತ್ತದೆ. ಕಪ್ಲರ್ ಎತ್ತರವಾಗಿದ್ದರೆ ಅದರ ಡಬ್ಬಿಗೂ ತಳಕ್ಕೂ ನಡುವೆ ಇಟ್ಟು ಇಳಿಸಬಹುದು. ಕೇಡೀಯವರು ಮೇಲಕ್ಕೆ, ಕೆಳಕ್ಕೆ ಬಾಗಿದ ಕತ್ತಿನ ಕಪ್ಲರುಗಳನ್ನೂ ಮಾಡುತ್ತಾರೆ, ಆದರೆ ಅವನ್ನು ತರಿಸಿಕೊಳ್ಳುವಷ್ಟರಲ್ಲಿ ಒಂದು ಸುಗ್ಗಿ ಮುಗಿದಿರುತ್ತದೆ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ಸಾಬೂನು ಹಚ್ಚಿ ತೊಳೆಯಬೇಕು. ಮಕ್ಕಳ ಕೈಗಂತೂ ಕೊಡಲೇಬಾರದು.

ಮಿಕ್ಕ ಸೀಸ ಭಾರಕ್ಕಾಯಿತು. ಹಗುರ ವ್ಯಾಗನ್ ಎಂಥ ಕಪ್ಲರ್ ಹಾಕಿದರೂ ಹಳಿ ತಪ್ಪುತ್ತದೆ. ಎಚ್‌ಓ ವ್ಯಾಗನ್ನಿಗೆ ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ಎಂಬುದು ರೂಢಿ. ಆರಿಂಚಿನ ವ್ಯಾಗನ್ನಿಗೆ ನಾಲ್ಕು ಔನ್ಸ್, ಅಂದರೆ 113 ಗ್ರಾಂ. ಅಡುಗೆಮನೆಯ ತಕ್ಕಡಿ ಮಾಳಿಗೆ ಹತ್ತಿದ್ದಕ್ಕೆ ಕೆಳಗಿನಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಎತ್ತರ ಸರಿಹೋದರೂ ಮುಷ್ಟಿ ಕೊಕ್ಕೆಯನ್ನು ಹಿಡಿಯುವುದಿಲ್ಲವಲ್ಲ. ಎಲ್ಲಾ ವ್ಯಾಗನ್‌ಗಳ ಕಪ್ಲರ್ ಕಿತ್ತು ಒಂದೇ ನಮೂನೆ ಹಾಕಿಬಿಡಿ ಎಂಬುದು ಈ ಹವ್ಯಾಸದವರು ಸಾಮಾನ್ಯವಾಗಿ ಕೊಡುವ ಸಲಹೆ. ನನಗದು ಒಪ್ಪಿಗೆಯಿಲ್ಲ. ದುಡ್ಡು ಒಂದು ಕಡೆ ಇರಲಿ, ಹಳೆಯ ವ್ಯಾಗನ್‌ಗಳಲ್ಲಿ ಕೊಕ್ಕೆ ಬೋಗಿಗೇ ಅಂಟಿಕೊಂಡಿರುತ್ತದೆ. ಕಿತ್ತರೆ ಬೋಗಿಯೇ ಹೋಗುತ್ತದೆ. ಗದಗ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ನೋಡಿದವರಿಗೆ ಬೇರೆ ದಾರಿ ಕಾಣುತ್ತದೆ. ಹಳೆಯ ಐಸಿಎಫ್ ಡಬ್ಬಿಗಳಿಗೆ ಎರಡು ಬದಿಗೆ ಬಫರ್, ನಡುವೆ ತಿರುಗಿಸಿ ಬಿಗಿಯುವ ಸ್ಕ್ರೂ ಕಪ್ಲಿಂಗ್. ಎಲ್‌ಎಚ್‌ಬಿ ಡಬ್ಬಿಗಳಿಗೆ, ಬಾಕ್ಸ್‌ಎನ್ ಗೂಡ್ಸಿಗೆ ಸಿಬಿಸಿ ಎಂಬ ಮುಷ್ಟಿಯಾಕಾರದ ಕಪ್ಲರ್. ರೈಲ್ವೆಯವರು ಒಂದೇ ದಿನಕ್ಕೆ ಎಲ್ಲವನ್ನೂ ಬದಲಿಸಲು ಹೋಗಲಿಲ್ಲ. ಎಂಜಿನ್ನಿನ ಮುಷ್ಟಿಯ ಜೊತೆಗೇ ಸ್ಕ್ರೂ ಕೊಂಡಿಯನ್ನೂ ಇಳಿಬಿಟ್ಟರು, ಅದಕ್ಕೆ ಟ್ರಾನ್ಸಿಷನ್ ಕಪ್ಲರ್ ಅನ್ನುತ್ತಾರೆ. ಯಾವ ಡಬ್ಬಿ ಬಂದರೂ ಪಾಯಿಂಟ್ಸ್‌ಮನ್ ಅದಕ್ಕೆ ತಕ್ಕದ್ದನ್ನು ಎತ್ತಿ ಹಾಕುತ್ತಾನೆ.

ಅಂಗೈಯಗಲದ ಎಂಜಿನ್ನಿಗೆ ಎರಡು ಕಪ್ಲರ್ ಹಿಡಿಸುವುದು ಸಾಧ್ಯವಿಲ್ಲ. ಹಾಗಾಗಿ ನಾನು ಒಂದು ವ್ಯಾಗನ್ನನ್ನು ಆರಿಸಿ ಅದರ ಒಂದು ತುದಿಗೆ ಹಾರ್ನ್‌ಬಿ ಕೊಕ್ಕೆಯನ್ನು ಹಾಗೇ ಬಿಟ್ಟೆ, ಇನ್ನೊಂದು ತುದಿಗೆ ಕೇಡೀ ಹಾಕಿದೆ. ಎಂಜಿನ್ನಿನ ಬೆನ್ನಿಗೆ ಅದು, ಅದರ ಹಿಂದೆ ಮಿಕ್ಕ ಗೂಡ್ಸು. ಎರಡೂ ಕಡೆ ಬಳಗವಿರುವ ಹಿರಿಯರನ್ನು ಮುಂದಿಟ್ಟುಕೊಂಡು ಸಂಬಂಧ ಮಾತಾಡಲು ಹೋದಂತೆ. ಹೊಸ ಹಾರ್ನ್‌ಬಿ ವ್ಯಾಗನ್‌ಗಳಲ್ಲಿ ಎನ್‌ಇಎಂ 362 ಎಂಬ ಯುರೋಪಿನ ಅಳತೆಯ ಸಣ್ಣ ಗೂಡು ಇರುತ್ತದೆ. ಕೊಕ್ಕೆ ಎಳೆದು ತೆಗೆದು ಕೇಡೀ 17ರಿಂದ 20ರವರೆಗಿನ ನಂಬರಿನ ಕಪ್ಲರನ್ನು ಒತ್ತಿದರೆ ಮುಗಿಯಿತು. ನಂಬರು ಏರಿದಂತೆ ಕತ್ತು ಉದ್ದ. 18 ನನಗೆ ಸರಿಹೋಯಿತು. ಗಿಡ್ಡ ಕತ್ತಿನದು ನೋಡಲು ಚೆಂದ, ಆದರೆ ಶಿರಹಟ್ಟಿ ಹತ್ತಿರದ ನನ್ನ ಬಿಗಿ ತಿರುವಿನಲ್ಲಿ ಎಂಜಿನ್ನಿನ ಮೂಲೆ ವ್ಯಾಗನ್ನಿಗೆ ತಾಗುತ್ತದೆ.

ಈ ಉಪಾಯಕ್ಕೂ ಒಂದು ಕೊರತೆಯಿದೆ. ಮುಂಡರಗಿ ಕೊನೆಯ ಸ್ಟೇಷನ್. ಅಲ್ಲಿ ಎಂಜಿನ್ನು ಬಿಚ್ಚಿಕೊಂಡು ಪಕ್ಕದ ಹಳಿಯಿಂದ ಸುತ್ತಿ ಬಂದು ಗಾಡಿಯ ಬಾಲಕ್ಕೆ ಸೇರಬೇಕು. ಬಾಲದಲ್ಲಿ ಕೊಕ್ಕೆಯಿದ್ದರೆ ಮತ್ತೆ ಅದೇ ಗೋಳು. ಅದಕ್ಕೆ ಗಾರ್ಡಿನ ಬ್ರೇಕ್‌ವ್ಯಾನಿಗೂ ಹೊರತುದಿಗೆ ಕೇಡೀ ಹಾಕಬೇಕಾಯಿತು. ಎರಡು ಗಾಡಿ ಬದಲಿಸಿದರೆ ಇಡೀ ರೇಕು ನಡೆಯುತ್ತದೆ. ಅವೆರಡನ್ನು ತಿರುಗಾಮುರುಗಾ ಇಡಬಾರದು, ಅಷ್ಟೇ. ಗುರುತಿಗೆ ತಳದಲ್ಲಿ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದೇನೆ.

ಎಳೆಯುವಾಗ ಎಲ್ಲ ಕಪ್ಲರೂ ಸಂಭಾವಿತವೇ. ಹಿಂದಕ್ಕೆ ದೂಡಿದಾಗ ಬಣ್ಣ ಬಯಲಾಗುತ್ತದೆ. ಕಪ್ಲರ್ ಬೋಗಿಗೆ ಹತ್ತಿದ್ದರೆ ದೂಡುವ ಒತ್ತಡ ಬೋಗಿಯನ್ನೇ ತಿರುಚಿ ಹಳಿಯಿಂದ ಹಾರಿಸುತ್ತದೆ. ವ್ಯಾಗನ್ನಿನ ಮೈಗೆ ಸ್ಕ್ರೂ ಹಾಕಿ ಕೂಡಿಸಿದ್ದರೆ ಒತ್ತಡ ನೇರ ಹೋಗುತ್ತದೆ. ಸ್ಕ್ರೂ ಅಂದೆ, ಅಂಟು ಅನ್ನಲಿಲ್ಲ. ಅಸಿಟಾಲ್ ಪ್ಲಾಸ್ಟಿಕ್ಕಿನ ಕಪ್ಲರಿಗೆ ಫೆವಿಕ್ವಿಕ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಹರಿದು ಒಳಗೆ ಹೋದರೆ ಸ್ಪ್ರಿಂಗಿನ ಕಥೆ ಮುಗಿದಂತೆ. ಕನ್ನಡಕದ ಅಂಗಡಿಯ ಸಣ್ಣ ಸ್ಕ್ರೂ ಸಾಕು. ಎಣ್ಣೆಯೂ ಬೇಡ. ಬೇಸಿಗೆಯ ಗಾಳಿಗೆ ಇಲ್ಲಿನ ಎರೆಮಣ್ಣಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬಂದು ಎಣ್ಣೆಯ ಮೇಲೆ ಕೂರುತ್ತದೆ. ಪೆನ್ಸಿಲ್ ಕಡ್ಡಿ ಉಜ್ಜಿದ ಪುಡಿ ಚಿಟಿಕೆ ಹಾಕಿದರೆ ಕಪ್ಲರ್ ನುಣ್ಣಗೆ ಆಡುತ್ತದೆ.

ಈಚೆಗೆ ಶಿರಹಟ್ಟಿಯಿಂದ ಕಾಲೇಜು ಹುಡುಗನೊಬ್ಬ ತನ್ನ ಎನ್ ಸ್ಕೇಲ್ ಎಂಜಿನ್ ಹಿಡಿದುಕೊಂಡು ಬಂದಿದ್ದ. “ಕಾಕಾ, ಇದಕ್ಕೂ ಒಂದ್ ನಡುವಿನ ವ್ಯಾಗನ್ ಮಾಡಿಕೊಡ್ರಿ” ಅಂದ. ಅದರ ಹಳಿಯ ಅಂತರವೇ 9 ಮಿ.ಮೀ., ನನ್ನ ಹಳಿಯ ಮೇಲೆ ನಿಲ್ಲುವುದೇ ಇಲ್ಲ, ಕೊಂಡಿಯ ಮಾತೇ ಬರುವುದಿಲ್ಲ. ಹಿಂದೆ ಗದಗಿನಿಂದ ಮೀಟರ್‌ಗೇಜಿನಲ್ಲಿ ಹೊರಟ ಮಾಲು ಹೋಟಗಿ ಕಡೆ ಬ್ರಾಡ್‌ಗೇಜ್ ಸಿಕ್ಕಲ್ಲಿ ಹಮಾಲರ ಬೆನ್ನೇರಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟಬೇಕಿತ್ತು ಎಂದು ಅವನಿಗೆ ಹೇಳಿದೆ. ಹುಡುಗ ಸ್ವಲ್ಪ ಯೋಚಿಸಿ, ಹಾಗಾದರೆ ನನ್ನ ಮುಂಡರಗಿ ಸ್ಟೇಷನ್ನಿನ ಮಗ್ಗುಲಿಗೇ ಅವನ ಸಣ್ಣ ಹಳಿ ತಂದು ನಿಲ್ಲಿಸೋಣ, ನಡುವೆ ಒಂದು ಗೂಡ್ಸ್ ಶೆಡ್ ಕಟ್ಟೋಣ ಅಂದ. ಅಳತೆ ತೆಗೆದುಕೊಂಡು ಹೋಗಿದ್ದಾನೆ.